ಆಪ್ತಸಲಹೆ ಪ್ರಕರಣ: ದನಿ ಇನ್ನೆಷ್ಟು ತಗ್ಗಿಸಲಿ?

ನಾನು ಅಮೆರಿಕದ ಟೆಕ್ಸಸ್‌ನಲ್ಲಿ ಆಪ್ತಸಲಹೆಗಾರ್ತಿ. ನನ್ನ ಬಳಿ ಸಲಹೆಗೆ ಬಂದ ಮಹಿಳೆಯೊಬ್ಬರ ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ.

ಅವರಿಗೆ 46 ವರ್ಷ. ಕಪ್ಪು ಜನಾಂಗದವರು. ಹೈಸ್ಕೂಲೊಂದರಲ್ಲಿ 9 ವರ್ಷದಿಂದ ವೈಸ್ ಪ್ರಿನ್ಸಿಪಾಲ್. ಮೊದಲ ಸಲ ಬಂದಾಗ ಶಾಲೆಯ ವಾಕಿಟಾಕಿ ಸೊಂಟದಲ್ಲೇ ಇತ್ತು, ತೆಗೆದಿಡೋದನ್ನು ಮರೆತಿದ್ದರು. "ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತೆ. ಮೀಟಿಂಗಲ್ಲಿ ನಾನು ಹೇಗೆ ಮಾತಾಡಿದೆ ಅಂತ ಅದೇ ತಲೇಲಿ ಸುತ್ತುತ್ತಾ ಇರುತ್ತೆ" ಅಂದರು.

ಪ್ರಿನ್ಸಿಪಾಲ್ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದ್ದರು. ಮೂರನೇ ಸಲ ಆಯ್ಕೆಯಾದ ಬಿಳಿಯ ಯುವಕನಿಗೆ ಕೆಲಸ ಕಲಿಸಿದ್ದೇ ಇವರು. ಪತ್ರದಲ್ಲಿ ಕೊಟ್ಟ ಕಾರಣ: ಪಠ್ಯಕ್ರಮದ ಅನುಭವ ಸಾಲದು. ಬಾಯಿಮಾತಲ್ಲಿ ಹೇಳಿದ್ದು ಬೇರೆ: "ನಿಮ್ಮ ದನಿ ಸ್ವಲ್ಪ ಜೋರು."

ಇಲ್ಲಿ ನಾನೂ ಎಡವಿದೆ. ಮೀಟಿಂಗ್‌ಗೆ ಮುಂಚೆ ಉದ್ದ ಉಸಿರು ತಗೊಳ್ಳಿ, ದನಿ ಸ್ವಲ್ಪ ತಗ್ಗಿಸಿ ನೋಡಿ ಅಂದೆ. ಅವರು ನಕ್ಕರು. "ಇಪ್ಪತ್ತು ವರ್ಷದಿಂದ ತಗ್ಗಿಸ್ತಾನೇ ಇದ್ದೀನಿ. ಇನ್ನೆಷ್ಟು ತಗ್ಗಿಸಲಿ?" ನಮ್ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅನ್ನೋ ಮಾತನ್ನೇ ನಾನು ಅವರಿಗೂ ದಾಟಿಸಿದ್ದೆ. ಮುಂದಿನ ಭೇಟಿಯಲ್ಲಿ ಕ್ಷಮೆ ಕೇಳಿದೆ.

ಆಮೇಲೆ ಒಂದು ವಾರದ ಕೆಲಸವನ್ನು ಗಂಟೆಗಂಟೆಗೆ ಬರೆದು ತನ್ನಿ ಅಂತ ಹೇಳಿದೆ. ತಂದ ಹಾಳೆ ತುಂಬಾ ಬಸ್ ನಿಲ್ಲೋ ಕಡೆ ಕಾವಲು, ಊಟದ ಹಾಲಲ್ಲಿ ಕಾವಲು, ಜಗಳ ಬಿಡಿಸೋದು, ಸಸ್ಪೆನ್ಷನ್ ಕಾಗದ, ಸಿಟ್ಟಾದ ಪೋಷಕರು. ಪಾಠ ನೋಡೋಕೆ ತರಗತಿಗೆ ಹೋಗಿದ್ದು ಬರೀ ಒಂದೂವರೆ ಗಂಟೆ. "ಈ ಕೆಲಸ ಹಂಚಿದ್ದು ಯಾರು?" ಅಂತ ಕೇಳಿದೆ. ಸುಮಾರು ಹೊತ್ತು ಹಾಳೆಯನ್ನೇ ನೋಡಿದರು. "ನೀವು ಗಟ್ಟಿಗಿತ್ತಿ, ಹುಡುಗರು ನಿಮ್ಮ ಮಾತು ಕೇಳ್ತಾರೆ ಅಂತಿದ್ರು. ನಾನು ಹೊಗಳಿಕೆ ಅಂದ್ಕೊಂಡೆ." ಬಜೆಟ್ಟು, ಪಠ್ಯಕ್ರಮದ ಕೆಲಸವೆಲ್ಲ ಪಕ್ಕದ ಕೋಣೆಯವರಿಗೆ ಹೋಗಿತ್ತು. ಕಲಿಯೋಕೆ ಬಿಡದ ಕೆಲಸದ ಅನುಭವವನ್ನೇ ಕೊನೆಗೆ ಕೇಳಿದ್ದರು.

ಇದು ಇವರೊಬ್ಬರ ಕಥೆಯಲ್ಲ. ಟೆಕ್ಸಸ್‌ನ ವೈಸ್ ಪ್ರಿನ್ಸಿಪಾಲರ ಹಲವು ವರ್ಷಗಳ ದಾಖಲೆ ನೋಡಿದ ಅಧ್ಯಯನವೊಂದು 2020ರಲ್ಲಿ ಬಂತು. ಓದು, ಅನುಭವ ಸಮ ಇದ್ದರೂ ಕಪ್ಪು ಜನರಿಗೆ ಬಡ್ತಿ ಕಡಿಮೆ, ಹೆಂಗಸರಿಗೆ ಕಾಯುವಿಕೆ ಜಾಸ್ತಿ ಅಂತ ಅದರಲ್ಲಿದೆ. ಇವರ ಅಜ್ಜಿ ಕಪ್ಪು ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಬಿಳಿ, ಕಪ್ಪು ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕೋದು ತಪ್ಪು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದಾದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆಗಳನ್ನೇ. ಸಾವಿರಾರು ಕಪ್ಪು ಶಿಕ್ಷಕರು, ಪ್ರಿನ್ಸಿಪಾಲರು ಕೆಲಸ ಕಳೆದುಕೊಂಡರು. ಅಜ್ಜಿ ಆಮೇಲೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದರಂತೆ.

"ನಮ್ಮ ಜಿಲ್ಲೆಯಲ್ಲಿ ಮಹಿಳಾ ಪ್ರಿನ್ಸಿಪಾಲರಿದ್ದಾರೆ, ಕಪ್ಪು ಪ್ರಿನ್ಸಿಪಾಲರೂ ಇದ್ದಾರೆ. ಹಾಗಾದ್ರೆ ತಪ್ಪು ನನ್ನದೇ ಅಲ್ವಾ?" ಅಂದರು ಒಮ್ಮೆ. ಅವರಿಗೆ ಜನರಲ್ ಮೋಟರ್ಸ್ ಅನ್ನೋ ಕಾರು ಕಂಪನಿಯ ಮೇಲಿನ ಮೊಕದ್ದಮೆಯ ವಿಷಯ ಹೇಳಿದೆ. ತಮಗೆ ತಾರತಮ್ಯ ಆಗಿದೆ ಅಂತ ಐವರು ಕಪ್ಪು ಮಹಿಳೆಯರು ಹಾಕಿದ ಕೇಸದು. ಕಂಪನಿ ಹೆಂಗಸರನ್ನು ಕೆಲಸಕ್ಕೆ ತಗೊಂಡಿದೆಯಲ್ಲ ಅಂತ 1976ರಲ್ಲಿ ಕೋರ್ಟು ಲಿಂಗದ ವಾದ ತಳ್ಳಿಹಾಕಿತು. ಆ ಹೆಂಗಸರು ಬಿಳಿಯರು! ಜನಾಂಗ, ಲಿಂಗ ಎರಡನ್ನೂ ಸೇರಿಸಿ ನೋಡೋಕೆ ಕೋರ್ಟು ಒಪ್ಪಲಿಲ್ಲ. ಈ ಕೇಸನ್ನೇ ಮುಂದಿಟ್ಟು ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ, ಹೀಗೆ ಎರಡು ತಾರತಮ್ಯ ಒಟ್ಟಿಗೆ ಬೀಳೋದಕ್ಕೆ 1989ರಲ್ಲಿ 'ಇಂಟರ್‌ಸೆಕ್ಷನಾಲಿಟಿ' ಅನ್ನೋ ಹೆಸರು ಕೊಟ್ಟರು. ನಾಲ್ಕು ರಸ್ತೆ ಕೂಡುವ ಕಡೆ ನಿಂತವರಿಗೆ ಎರಡೂ ಕಡೆಯಿಂದ ಗಾಡಿ ಬಡಿಯುತ್ತೆ. ಇವರ ಜಿಲ್ಲೆಯ ಮಹಿಳಾ ಪ್ರಿನ್ಸಿಪಾಲರೆಲ್ಲ ಬಿಳಿಯರು, ಕಪ್ಪು ಪ್ರಿನ್ಸಿಪಾಲರೆಲ್ಲ ಗಂಡಸರು.

ನಾನು ಕೊಟ್ಟ ಸಲಹೆ ಇಷ್ಟು. ರಾತ್ರಿ ಎಚ್ಚರವಾದರೆ ನಿಮ್ಮ ದನಿ ಹೇಗಿತ್ತು ಅಂತ ಯೋಚಿಸಬೇಡಿ, ಯಾರು ಏನಂದರು ಅನ್ನೋದನ್ನು ಅವರದೇ ಮಾತಲ್ಲಿ, ತಾರೀಖು ಹಾಕಿ ಬರೆದಿಟ್ಟು ಮಲಗಿ. ಪುಸ್ತಕ ನಿಮ್ಮದೇ ಇರಲಿ, ಶಾಲೆಯ ಕಂಪ್ಯೂಟರ್ ಬೇಡ. ಯಾವ ಅನುಭವ ಸಾಲದು ಅಂತ ಇಮೇಲಲ್ಲೇ ಕೇಳಿ. ಅದೇ ಇಮೇಲಲ್ಲಿ ಒಂದು ವಿಷಯದ ಪಠ್ಯಕ್ರಮದ ಹೊಣೆ ಕೇಳಿ, ಬದಲಿಗೆ ಬಸ್ ಕಾವಲು ಬಿಡ್ತೀನಿ ಅನ್ನಿ. ಬುದ್ಧಿ ಹೇಳೋರು ನಿಮಗೆ ಬೇಕಾದಷ್ಟಿದ್ದಾರೆ. ನೀವಿಲ್ಲದ ಕೋಣೆಯಲ್ಲಿ ನಿಮ್ಮ ಹೆಸರು ಎತ್ತೋರನ್ನು ಹುಡುಕಿ. ಕಾನೂನಿನ ವಿಷಯ ನನ್ನದಲ್ಲ, ವಕೀಲರನ್ನು ನೋಡಿ ಅಂದೆ. ಆದರೆ ತಾರತಮ್ಯದ ದೂರನ್ನು ಇಲ್ಲಿನ ಕೇಂದ್ರ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನದೊಳಗೆ, ಕೆಲವು ರಾಜ್ಯಗಳಲ್ಲಿ 300 ದಿನದೊಳಗೆ ಕೊಡಬೇಕು, ಗಡುವು ಮೀರಲು ಬಿಡಬೇಡಿ ಅಂತಲೂ ಹೇಳಿದೆ.

ಇಮೇಲಿಗೆ ಉತ್ತರ ಬರೋಕೆ ಮೂರು ವಾರ ಹಿಡಿಯಿತು. ಒಂಬತ್ತನೇ ತರಗತಿಯ ಗಣಿತದ ಹೊಣೆ ಕೊಟ್ಟರು. ಬಸ್ ಕಾವಲನ್ನು ಮಾತ್ರ ತೆಗೆಯಲಿಲ್ಲ. ನಿದ್ದೆ ಈಗ ಐದರವರೆಗೂ ಬರುತ್ತದಂತೆ. ದೂರು ಕೊಡೋದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಗಡುವಿನ ದಿನಕ್ಕೆ ಅಡುಗೆಮನೆ ಕ್ಯಾಲೆಂಡರಲ್ಲಿ ಕೆಂಪು ಸುತ್ತು ಹಾಕಿದ್ದಾರೆ. ನಮ್ಮ ಮುಂದಿನ ಭೇಟಿ ಅದಕ್ಕೆ ಹತ್ತು ದಿನ ಮುಂಚೆ.