ಬಾಯಿ ಬಿಡುವ ಮೂಲೆ, ಸೀಳುವ ತಳ: ಮರದ ಪೆಟ್ಟಿಗೆ ಮಾಡುವವರ ಪ್ರಶ್ನೆಗಳು

ಪ್ರಶ್ನೆ: 10 ಮಿ.ಮೀ. ದಪ್ಪದ ತೇಗದಲ್ಲಿ ಆಭರಣದ ಪೆಟ್ಟಿಗೆ ಮಾಡುತ್ತಿದ್ದೇನೆ. ಮೂಲೆಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸುತ್ತೇನೆ. ಮೂರು ಮೂಲೆ ಸರಿಯಾಗಿ ಕೂರುತ್ತವೆ, ನಾಲ್ಕನೆಯದು ಪ್ರತಿ ಸಲವೂ ಬಾಯಿ ಬಿಡುತ್ತದೆ. ಫೆವಿಕಾಲ್ ಜೊತೆ ಮರದ ಪುಡಿ ಕಲಸಿ ತುಂಬಿದರೆ ಆಗದೇ? (ತಿಪಟೂರು)

ಉತ್ತರ: ತುಂಬಬೇಡಿ. ಅಂಟು ಕುಡಿದ ಪುಡಿ ಪಾಲಿಶ್ ಹೀರುವುದಿಲ್ಲ, ಆ ಗೆರೆ ಕೊನೆಯವರೆಗೂ ಕಣ್ಣಿಗೆ ಹೊಡೆಯುತ್ತದೆ. ತಪ್ಪು ನಾಲ್ಕನೇ ಮೂಲೆಯದೂ ಅಲ್ಲ. ಒಂದು ಪೆಟ್ಟಿಗೆಗೆ ಎಂಟು ತುದಿ ಕೊಯ್ಯುತ್ತೀರಿ. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಒಟ್ಟು ನಾಲ್ಕು ಡಿಗ್ರಿ. ಮೊದಲ ಮೂರನ್ನು ಒತ್ತಿ ಮುಚ್ಚಿದಿರಿ, ಉಳಿದದ್ದೆಲ್ಲ ಕೊನೆಯ ಮೂಲೆಯಲ್ಲಿ ಬಂದು ನಿಂತಿತು. ಎದುರುಬದುರಿನ ಪಟ್ಟಿಗಳ ಉದ್ದದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ಅಳತೆ ಪಟ್ಟಿ ನಂಬಿ ಎರಡು ಸಲ ಗುರುತು ಹಾಕುವ ಬದಲು, ಗರಗಸದ ಪಕ್ಕ ಒಂದು ತಡೆಕಟ್ಟಿಗೆ ಬಿಗಿದು ಎರಡನ್ನೂ ಅದಕ್ಕೇ ತಾಗಿಸಿ ಕೊಯ್ಯಿರಿ. ಗರಗಸ ಬಿಟ್ಟ ತುದಿಯನ್ನು 45 ಡಿಗ್ರಿಯ ಆಧಾರದ ಮೇಲಿಟ್ಟು ಹರಿತವಾದ ತೋಪಡದಲ್ಲಿ ತೆಳುವಾಗಿ ಕೀಸಿದರೆ ಕೋನ ನಿಖರವಾಗುತ್ತದೆ.

ಕೂಡಿಸಲು ದೊಡ್ಡ ಕ್ಲ್ಯಾಂಪ್ ಬೇಕಿಲ್ಲ. ಹೊರಮೈ ಮೇಲಿರುವಂತೆ ನಾಲ್ಕೂ ಪಟ್ಟಿಗಳನ್ನು ಸಾಲಾಗಿ, ಚೂಪು ಅಂಚುಗಳು ತಾಗುವಂತೆ ಇಡಿ. ಸಂದಿಗಳ ಮೇಲೆ ಮಾಸ್ಕಿಂಗ್ ಟೇಪನ್ನು ಎಳೆದು ಅಂಟಿಸಿ. ಇಡೀ ಸಾಲನ್ನು ಮಗುಚಿ ಹಾಕಿ. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ತುದಿಗಳನ್ನು ಮೊದಲು ಥಿನ್ನರ್‌ನಲ್ಲಿ ಒರೆಸಿ. ಅಡ್ಡ ಕೊಯ್ದ ತುದಿ ಅಂಟನ್ನು ಕುಡಿದುಬಿಡುತ್ತದೆ; ಹಾಗಾಗಿ ತೆಳುವಾಗಿ ಒಂದು ಕೈ ಸವರಿ, ಐದು ನಿಮಿಷ ಬಿಟ್ಟು ಎರಡನೇ ಕೈ ಸವರಿ. ತಳವನ್ನು ಪಟ್ಟಿಗಳ ಒಳಮೈಯಲ್ಲಿ ಮೊದಲೇ ಕೊರೆದಿಟ್ಟ ಕಾಲುವೆ, ಅಂದರೆ ಗ್ರೂವ್‌ಗೆ ಕೂರಿಸಿ ಸುತ್ತಿಕೊಂಡು ಬನ್ನಿ, ಕೊನೆಯ ಮೂಲೆಗೆ ಟೇಪ್ ಬಿಗಿಯಿರಿ. ಎರಡು ಕರ್ಣಗಳನ್ನು ಅಳೆಯಿರಿ. ಉದ್ದವಿರುವ ಕರ್ಣವನ್ನು ಮೆಲ್ಲಗೆ ಒತ್ತಿದರೆ ಪೆಟ್ಟಿಗೆ ಮೂಲೆಮಟ್ಟಕ್ಕೆ ಬರುತ್ತದೆ.

ಈ ಜೋಡಣೆಗೆ ಅಂಟೊಂದೇ ಸಾಲದು. ಒಣಗಿದ ಮೇಲೆ ಮೂಲೆಯಲ್ಲಿ 3 ಮಿ.ಮೀ. ಅಗಲದ ಸೀಳು ಕೊಯ್ದು ಬೇರೆ ಬಣ್ಣದ ಮರದ ತೆಳು ಚೂರನ್ನು ಅಂಟಿಸಿ. ಅದೇ ಅಲಂಕಾರವೂ ಆಗುತ್ತದೆ. 10 ಮಿ.ಮೀ. ಪಟ್ಟಿಯ ಮೂಲೆಯಲ್ಲಿ ಓರೆಯಾಗಿ ಸಿಗುವ ಮರ ಸುಮಾರು 14 ಮಿ.ಮೀ. ಮಾತ್ರ. ಸೀಳು 10 ಮಿ.ಮೀ. ದಾಟಿದರೆ ಒಳಗೆ ತೂತು ಬೀಳುವ ಭಯ. ಚೂರಿನ ಎಳೆ (ಮರದ ನಾರು ಹರಿಯುವ ದಿಕ್ಕು) ಮೂಲೆಯನ್ನು ದಾಟುವಂತಿರಲಿ, ಇಲ್ಲವಾದರೆ ಅದು ಇದ್ದೂ ಇಲ್ಲದಂತೆ.

ಪ್ರಶ್ನೆ: ಕುಂದಾಪುರದಲ್ಲಿ ಮಾಡಿದ ತೇಗದ ಪೆಟ್ಟಿಗೆ ಬಳ್ಳಾರಿಯ ಅಕ್ಕನ ಮನೆಗೆ ಹೋದ ಮೇಲೆ ತಳ ಸೀಳಿತು. ಮರ ಹಸಿಯಿತ್ತೇ? (ಕುಂದಾಪುರ)

ಉತ್ತರ: ಹಸಿಯಿರಲೇಬೇಕೆಂದಿಲ್ಲ. ತಳವನ್ನು ಸುತ್ತಲೂ ಅಂಟಿಸಿರಬೇಕು, ಅಷ್ಟೇ ಸಾಕು. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಕರಾವಳಿಯ ಮಳೆಗಾಲಕ್ಕೂ ಬಯಲುಸೀಮೆಯ ಬೇಸಿಗೆಗೂ ನಡುವೆ ಮರದ ತೇವಾಂಶ ಆರು ಶೇಕಡಾ ಇಳಿಯಿತೆಂದು ಇಟ್ಟುಕೊಳ್ಳಿ. 150 ಮಿ.ಮೀ. ಅಗಲದ ತೇಗದ ಹಲಗೆ ಒಂದೂವರೆ ಮಿ.ಮೀ.ಗಿಂತ ತುಸು ಹೆಚ್ಚೇ ಕುಗ್ಗುತ್ತದೆ. ತೇಗ ಕಡಿಮೆ ಅಲುಗುವ ಮರವೆಂದು ಹೆಸರಾಗಿದ್ದೂ ಇಷ್ಟು. ಅಂಚು ಅಂಟಿ ನಿಂತಿದ್ದರೆ ಹಲಗೆ ನಡುವೆ ಸೀಳದೆ ಇನ್ನೇನು ಮಾಡೀತು?

ಪ್ಲೈವುಡ್ ಅಲ್ಲದ, ಇಡೀ ಮರದ ಹಲಗೆಯ ತಳ ಗ್ರೂವ್‌ನಲ್ಲಿ ಸಡಿಲವಾಗಿ ಕೂರಬೇಕು. ಬೇಸಿಗೆಯಲ್ಲಿ ಮಾಡುವುದಾದರೆ ಅಗಲದ ಎರಡೂ ಕಡೆ ಒಂದೊಂದು ಮಿ.ಮೀ. ಜಾಗ ಬಿಡಿ. ಮಳೆಗಾಲದಲ್ಲಿ ಮರ ಹಿಗ್ಗಿಯೇ ಇರುತ್ತದೆ, ಕೂದಲೆಳೆಯಷ್ಟು ಬಿಟ್ಟರೆ ಸಾಕು. ಗ್ರೂವ್ ಮಾತ್ರ 5 ಮಿ.ಮೀ. ಆಳವಿರಲಿ, ಕುಗ್ಗಿದಾಗ ಅಂಚು ಕಳಚಿ ಬೀಳದಂತೆ. ಕೂರಿಸುವ ಮೊದಲೇ ತಳಕ್ಕೆ ಪಾಲಿಶ್ ಮಾಡಿಬಿಡಿ. ಆಮೇಲೆ ಮಾಡಿದರೆ ಹಲಗೆ ಕುಗ್ಗಿದ ದಿನ ಅಂಚಿನಲ್ಲಿ ಬೋಳು ಪಟ್ಟೆ ಹೊರಗೆ ಕಾಣುತ್ತದೆ. ಇದೆಲ್ಲ ತಲೆನೋವೆನಿಸಿದರೆ 4 ಮಿ.ಮೀ. ಪ್ಲೈವುಡ್ ಹಾಕಿ, ಸುತ್ತಲೂ ಅಂಟಿಸಿ. ಪ್ಲೈವುಡ್ ಎಂದರೆ ಮೂಗು ಮುರಿಯುವವರಿದ್ದಾರೆ. ಮೇಲೆ ವೆಲ್ವೆಟ್ ಬರುವ ತಳಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಪ್ರಶ್ನೆ: ಮುಚ್ಚಳ ಬೇರೆ, ಪೆಟ್ಟಿಗೆ ಬೇರೆ ಮಾಡಿದರೆ ಎಷ್ಟು ಅಳೆದರೂ ಅಂಚು ಕೂಡುವುದಿಲ್ಲ. (ಮೈಸೂರು)

ಉತ್ತರ: ಬೇರೆಬೇರೆ ಮಾಡಲೇಬೇಡಿ. ಮೇಲೆ ಕೆಳಗೆ ಎರಡೂ ಮುಚ್ಚಿದ ಪೆಟ್ಟಿಗೆ ಕಟ್ಟಿ, ಅಂಟು ಒಣಗಿದ ಮೇಲೆ ಸುತ್ತ ಕೊಯ್ದು ಮುಚ್ಚಳ ತೆಗೆಯಿರಿ. 200 × 130 ಮಿ.ಮೀ. ಪೆಟ್ಟಿಗೆಗೆ ಸುಮಾರು 720 ಮಿ.ಮೀ. ಉದ್ದದ ಒಂದೇ ಹಲಗೆ ಆರಿಸಿ. ಪಕ್ಕ, ಮುಂಭಾಗ, ಪಕ್ಕ, ಹಿಂಭಾಗ ಎಂಬ ಕ್ರಮದಲ್ಲೇ ತುಂಡು ಮಾಡಿದರೆ ಮೂರು ಮೂಲೆಗಳಲ್ಲಿ ಎಳೆಗಳು ಮುರಿಯದೆ ಹರಿಯುತ್ತವೆ. ಎಳೆ ಕೂಡದ ನಾಲ್ಕನೇ ಮೂಲೆ ಹಿಂದೆ ಬರುತ್ತದೆ. ಎತ್ತರಕ್ಕೆ 4 ಮಿ.ಮೀ. ಹೆಚ್ಚಿಗೆ ಇಟ್ಟುಕೊಳ್ಳಿ, ಗರಗಸವೂ ಉಜ್ಜುವಿಕೆಯೂ ಅಷ್ಟನ್ನು ತಿನ್ನುತ್ತವೆ.

ಯಂತ್ರದಲ್ಲಿ ಕೊಯ್ಯುವವರು ಉದ್ದದ ಎರಡು ಬದಿಗಳನ್ನು ಪೂರ್ತಿ ಕೊಯ್ದು, ಉಳಿದೆರಡರಲ್ಲಿ ಒಂದು ಮಿ.ಮೀ. ಮರ ಬಿಟ್ಟು, ಅದನ್ನು ಚಾಕುವಿನಿಂದ ಬಿಡಿಸಿ. ಪೂರ್ತಿ ಕೊಯ್ದರೆ ಮುಚ್ಚಳ ಕುಸಿದು ಅಲಗನ್ನು ಹಿಡಿಯುತ್ತದೆ, ಬೆರಳಿಗೂ ಅಪಾಯ. ಗಾಜಿನ ಮೇಲೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ ಎರಡೂ ಅಂಚುಗಳನ್ನು ಅದರ ಮೇಲೆ ಉಜ್ಜಿದರೆ ಸಂದಿ ಮುಚ್ಚುತ್ತದೆ. ಹಿಂದೆ ಹೇಳಿದ ಮೂಲೆಯ ಚೂರುಗಳು ಕೊಯ್ಯುವ ಗೆರೆಯ ಮೇಲೆ ಬಾರದಂತೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಮುಚ್ಚಳದ ಹಿಂಜ್‌ಗೆ ಹಾಕುವ ಹಿತ್ತಾಳೆ ಸ್ಕ್ರೂಗಳ ತಲೆ ಮುರಿದುಹೋಗುತ್ತಿದೆ. (ಧಾರವಾಡ)

ಉತ್ತರ: ಹಿತ್ತಾಳೆ ಮೃದು, ತೇಗ ಬೀಟೆಗಳಂಥ ಮರದಲ್ಲಿ ದಾರಿ ಮಾಡಿಕೊಳ್ಳಲಾರದು. 2 ಮಿ.ಮೀ. ಸ್ಕ್ರೂಗೆ 1.5 ಮಿ.ಮೀ. ತೂತು ಕೊರೆಯಿರಿ. ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಬಳಿಕ ಹಿತ್ತಾಳೆಯದಕ್ಕೆ ಮೇಣ ಸವರಿ ತಿರುಗಿಸಿ. ಮೊದಲು ಹಿಂಜ್‌ನ ಒಂದೊಂದು ಎಲೆಗೆ ಒಂದೊಂದೇ ಸ್ಕ್ರೂ ಹಾಕಿ ಮುಚ್ಚಿ ನೋಡಿ. ಮುಚ್ಚಳ ಮುಂದೆ ಎದ್ದು ನಿಂತರೆ ಹಿಂಜ್ ಕೂರುವ ಗುಂಡಿ ಆಳವಾಗಿದೆ ಎಂದರ್ಥ. ಕಾರ್ಡಿನ ತುಂಡು ಅಡಿಗಿಡಿ.

ಪ್ರಶ್ನೆ: ಒಳಗೆ ಅಗಸೆ ಎಣ್ಣೆ ಹಚ್ಚಿದ್ದೆ, ತಿಂಗಳುಗಟ್ಟಲೆ ವಾಸನೆ. ಹೊರಗೆ ಹಚ್ಚಿದ ಅರಗಿನ ಪಾಲಿಶ್ ಮಳೆಗಾಲದಲ್ಲಿ ಬೆಳ್ಳಗಾಯಿತು. (ಸಾಗರ)

ಉತ್ತರ: ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯಾಡದೆ ಎಣ್ಣೆ ಬೇಗ ಒಣಗುವುದಿಲ್ಲ. ಒಳಗೆ ಅರಗಿನ ಪಾಲಿಶ್ ಹಚ್ಚಿ: ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ, ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿದ್ದು. ಆರು ತಿಂಗಳು ದಾಟಿದ ದ್ರಾವಣ ಒಣಗದೆ ಅಂಟಂಟಾಗಿ ಉಳಿಯಬಹುದು, ಹೊಸದು ಮಾಡಿ. ಬೆಳ್ಳಗಾದದ್ದು ತೇವದಿಂದ. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂರುತ್ತದೆ. ಮಳೆ ಬಿಟ್ಟ ಬಿಸಿಲಿನ ಹೊತ್ತಲ್ಲಿ ಬಟ್ಟೆಗೆ ತುಸು ಸ್ಪಿರಿಟ್ ಹಾಕಿ ಹಗುರವಾಗಿ ಒರೆಸಿದರೆ ಬಹುಪಾಲು ಹೋಗುತ್ತದೆ. ಇನ್ನೊಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರವಿ ಒಣಗಿಸಿ ಎಸೆಯಿರಿ.