ಆಗರ ಒಬ್ಬರದು, ಸುಂಕ ಇನ್ನೊಬ್ಬರದು

ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ಉಪ್ಪು ಸರ್ಕಾರದ ಏಕಸ್ವಾಮ್ಯವಾಗಿತ್ತೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ನಮ್ಮ ಮುಲುಂಡಿನ ಹಳಬರು ಇಲ್ಲಿನ ಆಗರಗಳು (ಕಡಲ ನೀರನ್ನು ಒಣಗಿಸಿ ಉಪ್ಪು ತೆಗೆಯುವ ಗದ್ದೆಗಳು) ಖಾಸಗಿಯವರ ಕೈಯಲ್ಲಿದ್ದವು ಎನ್ನುತ್ತಾರೆ. ಗೋವಾದ ಉಪ್ಪು ಘಟ್ಟ ಹತ್ತಿ ಧಾರವಾಡಕ್ಕೆ ಬರುತ್ತಿತ್ತೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಇದರಲ್ಲಿ ಯಾವುದು ಸರಿ?
(ಓದುಗರೊಬ್ಬರು, ಮುಲುಂಡ್ ಪೂರ್ವ, ಮುಂಬೈ)

ಉತ್ತರ: ಮೂರೂ ಸರಿ. ಗೊಂದಲಕ್ಕೆ ಕಾರಣ, ಎಲ್ಲ ಪ್ರಾಂತ್ಯಗಳಿಗೂ ಒಂದೇ ವ್ಯವಸ್ಥೆಯಿತ್ತೆಂದು ಪಠ್ಯಪುಸ್ತಕಗಳು ಬರೆದುಬಿಡುವುದು. ಬಂಗಾಳದಲ್ಲಿ 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಉಪ್ಪನ್ನು ಕಂಪನಿಯ ಹತೋಟಿಗೆ ತಂದನು. ಮದ್ರಾಸ್ ಪ್ರಾಂತ್ಯದಲ್ಲಿ 1805ರಿಂದ ಆಗರದವರು ತೆಗೆದ ಉಪ್ಪನ್ನು ಗೊತ್ತುಪಡಿಸಿದ ದರಕ್ಕೆ ಸರ್ಕಾರಕ್ಕೇ ಕೊಡಬೇಕಾಗಿತ್ತು, ಮಾರುವ ಹಕ್ಕೂ ಸರ್ಕಾರದ್ದೇ. ನಿಜವಾದ ಏಕಸ್ವಾಮ್ಯವೆಂದರೆ ಇದು. (ಉತ್ತರ ಕನ್ನಡವೂ 1862ರವರೆಗೆ ಮದ್ರಾಸಿಗೇ ಸೇರಿತ್ತೆಂಬುದನ್ನು ಕುಮಟಾ, ಅಂಕೋಲಾ ಮೂಲದ ಓದುಗರು ಗಮನಿಸಬಹುದು.)

ಮುಂಬೈ ಪ್ರಾಂತ್ಯದ ದಾರಿ ಬೇರೆ. ಇಲ್ಲಿ 1837ರ ಕಾಯ್ದೆ ಆಗರವನ್ನು ಒಡೆಯನಿಗೇ ಬಿಟ್ಟು, ಉಪ್ಪಿನ ಮೇಲೆ ಮಣಕ್ಕೆ 8 ಆಣೆಯ ಅಬಕಾರಿ ಸುಂಕವನ್ನು, ಅಂದರೆ ತಯಾರಿಕೆಯ ಮೇಲಿನ ತೆರಿಗೆಯನ್ನು, ಹೇರಿತು. 1844ರಲ್ಲಿ ಅದು 1 ರೂಪಾಯಿಗೂ, 1888ರಲ್ಲಿ ಎರಡೂವರೆ ರೂಪಾಯಿಗೂ ಏರಿತು. ಸುಮಾರು 37 ಕಿಲೋ ತೂಗುವ ಒಂದು ಮಣ ಉಪ್ಪನ್ನು ತೆಗೆಯಲು ತಗಲುತ್ತಿದ್ದ ಖರ್ಚಿಗಿಂತ ಈ ಸುಂಕ ಹಲವು ಪಟ್ಟು ಹೆಚ್ಚು. ಸುಂಕ ಇಷ್ಟು ಭಾರವಾದಾಗ ಕಳ್ಳಸಾಗಣೆ ತಪ್ಪದು, ಅದನ್ನು ತಡೆಯಲು ಕಾವಲು ತಪ್ಪದು. ಹಾಗಾಗಿ ಪರವಾನಗಿಯಿಲ್ಲದೆ ಉಪ್ಪು ತೆಗೆಯುವಂತಿರಲಿಲ್ಲ, ಸುಂಕ ಕಟ್ಟದೆ ಆಗರದಿಂದ ಸಾಗಿಸುವಂತಿರಲಿಲ್ಲ. 1890ರ ಮುಂಬೈ ಉಪ್ಪಿನ ಕಾಯ್ದೆಯಡಿ ಕಡಲತೀರದಲ್ಲಿ ತಾನಾಗಿ ಕಟ್ಟಿದ ಉಪ್ಪನ್ನು ಬಾಚಿಕೊಳ್ಳುವುದೂ ಅಪರಾಧವಾಗಿತ್ತು. ಒಡೆತನ ಖಾಸಗಿಯಾಗಿದ್ದರೂ ಕೊಳ್ಳುವ ಬಡವನಿಗೆ ಇದು ಏಕಸ್ವಾಮ್ಯಕ್ಕಿಂತ ಹಗುರವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಅಜ್ಜಿಯ ಮಾತು ಇನ್ನೂ ಕುತೂಹಲಕರವಾದ ಸಂಗತಿಗೆ ಕರೆದೊಯ್ಯುತ್ತದೆ. ಲಂಬಾಣಿಗಳು ಹೇರೆತ್ತುಗಳ ಮೇಲೆ ಬಯಲುಸೀಮೆಯ ಧಾನ್ಯವನ್ನು ಕರಾವಳಿಗೆ ಇಳಿಸಿ, ಮರಳುವಾಗ ಗೋವಾದ ಉಪ್ಪನ್ನು ಘಟ್ಟದ ಮೇಲಕ್ಕೆ ಒಯ್ಯುತ್ತಿದ್ದರು. ಪೋರ್ಚುಗೀಸರ ನೆಲದ ಅಗ್ಗದ ಉಪ್ಪು ಹೀಗೆ ಗಡಿ ದಾಟಿ ಬರುತ್ತಿದ್ದರೆ ಬ್ರಿಟಿಷರ ಸುಂಕಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. 1878ರ ಡಿಸೆಂಬರಿನಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದದ ಮೂಲಕ ಗೋವಾದ ಉಪ್ಪಿನ ತಯಾರಿಕೆಯೇ ಬ್ರಿಟಿಷರ ಹತೋಟಿಗೆ ಬಂತು. ಪ್ರತಿಯಾಗಿ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲಬೇಕಾಗಿತ್ತು. ಗೋವಾದ ಮುರಗಾಂವ್ ಬಂದರಿನಿಂದ ಘಟ್ಟದ ಮೇಲಿನ ಗಡಿಯೂರು ಕ್ಯಾಸಲ್‌ರಾಕ್ ಕಡೆಗೆ ರೈಲು ಹಾಕುವ ಮಾತೂ ಅದೇ ಒಪ್ಪಂದದ ಭಾಗ. ತಮ್ಮ ಆಡಳಿತವೇ ಇಲ್ಲದ ನೆಲದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಗರಗಳನ್ನು ನಿಯಂತ್ರಿಸಿದರು, ಅನೇಕ ಆಗರಗಳು ಮುಚ್ಚಿದವು. 1880ರಲ್ಲಿ ಜಾರಿಗೆ ಬಂದ ಈ ಒಪ್ಪಂದ 12 ವರ್ಷಗಳ ಅವಧಿ ಮುಗಿದ ಮೇಲೆ, 1892ರಲ್ಲಿ, ರದ್ದಾಯಿತು. ಭಾರತದ ಉಪ್ಪಿನ ಚರಿತ್ರೆಯಲ್ಲಿ ದಂಡಿಯಾತ್ರೆಗೆ ಸಿಗುವ ಗಮನದ ಕಾಲುಭಾಗವೂ ಈ ಒಪ್ಪಂದಕ್ಕೆ ಸಿಕ್ಕಿಲ್ಲ.

1930ರ ವೇಳೆಗೆ ಸುಂಕ ಮಣಕ್ಕೆ ಒಂದೂಕಾಲು ರೂಪಾಯಿಗೆ ಇಳಿದಿತ್ತಾದರೂ ತಯಾರಿಕೆಯ ಮೇಲಿನ ನಿರ್ಬಂಧ ಸಡಿಲವಾಗಿರಲಿಲ್ಲ. ಸತ್ಯಾಗ್ರಹಿಗಳು ಮುರಿಯಲು ಹೊರಟದ್ದು ಈ ನಿರ್ಬಂಧವನ್ನೂ. ಮುಂಬೈಯಲ್ಲಿ ವಡಾಲಾ ಆಗರಕ್ಕೆ ಜನ ಮತ್ತೆಮತ್ತೆ ನುಗ್ಗಿದರು. ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯ ಇಲ್ಲಿನ ಷೇರುಪೇಟೆಗೇ ಹೋಗಿ ಉಪ್ಪಿನ ಪೊಟ್ಟಣ ಮಾರಿದರು. 1931ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಕರಾವಳಿಯ ಹಳ್ಳಿಗರಿಗೆ ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಸುಂಕ ರದ್ದಾದದ್ದು ಮಾತ್ರ 1947ರ ಏಪ್ರಿಲಿನಲ್ಲಿ, ಮಧ್ಯಂತರ ಸರ್ಕಾರದಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಲಿಯಾಕತ್ ಅಲಿ ಖಾನ್ ಮಂಡಿಸಿದ ಬಜೆಟ್ಟಿನಿಂದ.

ಆದರೆ ಬ್ರಿಟಿಷರ ಕಾಲದ ಉಪ್ಪಿನ ಇಲಾಖೆ ಅಳಿಯಲಿಲ್ಲ. ಸಂವಿಧಾನದ ಕೇಂದ್ರ ಪಟ್ಟಿಯಲ್ಲಿ 58ನೆಯ ವಿಷಯವಾಗಿ ಉಪ್ಪು ಉಳಿದಿದೆ, ಜೈಪುರದಲ್ಲಿ ಉಪ್ಪು ಆಯುಕ್ತರ ಕಚೇರಿಯೂ ಇದೆ. ನಿಮ್ಮ ಮುಲುಂಡ್, ಭಾಂಡುಪ್, ಕಾಂಜೂರಮಾರ್ಗಗಳ ಆಗರದ ನೆಲ ಕೇಂದ್ರದ್ದೇ, ರಾಜ್ಯದ್ದೇ ಅಥವಾ ಹಳೆಯ ಗುತ್ತಿಗೆದಾರರದೇ ಎಂಬ ವ್ಯಾಜ್ಯಗಳ ಬೇರು ಇರುವುದು ಇಲ್ಲಿಯೇ.