ಒಂಬತ್ತನೇ ಕ್ಲಾಸಿನ ಹುಡುಗ ಸೋಮಾರಿಯಲ್ಲ, ಅವನಿಗೆ ಓದೋದೇ ಕಷ್ಟ

ಪ್ರಶ್ನೆ: ಮೇಡಂ, ನಾವು ಹೊಸನಗರ ತಾಲ್ಲೂಕಿನವರು. ಮಗ ಒಂಬತ್ತನೇ ಕ್ಲಾಸು. ಮಾತು ಚುರುಕು, ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಯುವಾಗ ಮೈಲುತುತ್ತ, ಸುಣ್ಣದ ಅಳತೆಯೆಲ್ಲ ಅವನದೇ. ಪುಸ್ತಕ ಹಿಡಿದರೆ ಮಾತ್ರ ಒಂದು ಪುಟಕ್ಕೆ ಅರ್ಧ ಗಂಟೆ. ತಾನು ಬರೆದದ್ದು ತನಗೇ ಓದಲು ಬರುವುದಿಲ್ಲ. ಸೋಮಾರಿ ಅಂತ ಅವರಪ್ಪ ಹೊಡೆದೂ ಆಯ್ತು. ಈಗ ಶಾಲೆಯವರು "ಟಿಸಿ ತಗೊಳ್ಳಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಹಾಳಾಗುತ್ತೆ" ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಟಿಸಿ ವಿಷಯ. ತಗೋಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿಯಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಿದ್ದೂ ಓದು, ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ತೊಂದರೆಯೂ ಅದರಲ್ಲಿ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯ ಮಾಡದೆ ಸೇರಿಸಿಕೊಂಡು ಕಲಿಸಬೇಕು ಅನ್ನುತ್ತದೆ ಆ ಕಾಯ್ದೆ. ಒತ್ತಾಯ ಮುಂದುವರಿದರೆ ಬಿಇಒ ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ.

ಇನ್ನು ಹುಡುಗನ ವಿಷಯ. ಮನೆಯಲ್ಲೇ ಒಂದು ಕೆಲಸ ಮಾಡಿ ನೋಡಿ. ಸಮಾಜ ವಿಜ್ಞಾನದ ಒಂದು ಹೊಸ ಪುಟವನ್ನು ಅವನೇ ಓದಲಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಮಾರನೇ ದಿನ ಅಷ್ಟೇ ಉದ್ದದ ಬೇರೆ ಪುಟವನ್ನು ನೀವು ಓದಿ ಹೇಳಿ, ಮತ್ತೆ ನಾಲ್ಕು ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಉತ್ತರ ಬರುತ್ತೆ, ತಾನೇ ಓದಿದಾಗ ಬರಲ್ಲ ಅಂತಾದರೆ ಬುದ್ಧಿಗೆ ಏನೂ ಕಡಿಮೆಯಿಲ್ಲ. ಅಡ್ಡಿಯಾಗಿರುವುದು ಅಕ್ಷರ.

ನೋಟ್‌ಬುಕ್ಕನ್ನೂ ಗಮನವಿಟ್ಟು ನೋಡಿ. ಕನ್ನಡದಲ್ಲಿ ಈ ತೊಂದರೆ ಮೊದಲು ಕಾಣುವುದು ಒತ್ತಕ್ಷರ, ದೀರ್ಘ, ಸೊನ್ನೆಗಳಲ್ಲಿ. 'ಸ್ವಾತಂತ್ರ್ಯ' ಹೋಗಿ 'ಸವಾತತ್ರ' ಆಗಿರುತ್ತದೆ. ಪ, ಷ, ಫ ಅದಲು ಬದಲು. ಥ, ಧ ಗೊಂದಲ. ಅದೇ ಪದ ಒಂದೇ ಪುಟದಲ್ಲಿ ಮೂರು ಥರ ಇರುತ್ತದೆ. ಒಂಬತ್ತನೇ ಕ್ಲಾಸಿನವರೆಗೂ ಇದು ಹಾಗೇ ಉಳಿದಿದ್ದರೆ ಸೋಮಾರಿತನ ಅನ್ನೋದು ಅನ್ಯಾಯ. ಇಂಥ ಹುಡುಗ ಬೇರೆಯವರಿಗಿಂತ ಜಾಸ್ತಿ ಶ್ರಮ ಹಾಕಿ ಕಡಿಮೆ ಮಾರ್ಕ್ಸ್ ತೆಗೆಯುತ್ತಿರುತ್ತಾನೆ. ದಯವಿಟ್ಟು ಅವರಪ್ಪನಿಗೂ ಇದನ್ನು ಓದಿ ಹೇಳಿ. ಹೊಡೆತದಿಂದ ಒತ್ತಕ್ಷರ ಬರುವುದಿಲ್ಲ, ಪುಸ್ತಕ ಕಂಡರೆ ಹೆದರಿಕೆ ಬರುತ್ತದೆ ಅಷ್ಟೇ.

ಕಣ್ಣು, ಕಿವಿ ತಪಾಸಣೆ ಮೊದಲು ಆಗಲಿ. ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಅಲ್ಲಿಂದ ಎಲ್ಲಿಗೆ ಕಳಿಸಬೇಕೋ ಹೇಳುತ್ತಾರೆ. ಹೋಗುವಾಗ ಹಳೆಯ ನೋಟ್‌ಬುಕ್ಕು, ಅಂಕಪಟ್ಟಿ, ಕ್ಲಾಸ್ ಟೀಚರ್ ಬರೆದ ಒಂದು ಪತ್ರ ಜೊತೆಗಿರಲಿ. ಬುದ್ಧಿಮತ್ತೆಯ ಪರೀಕ್ಷೆ, ಓದು, ಬರಹ, ಲೆಕ್ಕದ ಪರೀಕ್ಷೆ ಎಲ್ಲ ಮಾಡುತ್ತಾರೆ. ಒಂದೇ ದಿನಕ್ಕೆ ಮುಗಿಯಲಿಕ್ಕಿಲ್ಲ, ತಯಾರಾಗಿ ಹೋಗಿ. ಈ ನ್ಯೂನತೆ ಇದೆ ಅನ್ನುವ ಪ್ರಮಾಣಪತ್ರಕ್ಕೆ ಯುಡಿಐಡಿ ಅನ್ನುವ, ಅಂಗವಿಕಲರ ಗುರುತಿನ ಚೀಟಿಯ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ವಿಆರ್‌ಡಬ್ಲ್ಯು ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಿಸುವುದು ಅವರ ಕೆಲಸವೇ.

"ಅಂಗವಿಕಲ ಅಂತ ಬರೆಸಿಕೊಂಡರೆ ಮುಂದೆ ಹೇಗೆ?" ಅಂತ ಮನೆಯಲ್ಲಿ ಮಾತು ಬಂದೇ ಬರುತ್ತದೆ. ಆ ಕಾಗದವನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ, ಶಾಲೆಗೆ ಕೊಟ್ಟರೆ ಸಾಕು. ಅದರಿಂದ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕ ಸಿಗುತ್ತಾರೆ. ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿಗೂ ಕಾಯ್ದೆಯಲ್ಲೇ ಅವಕಾಶವಿದೆ. ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆಯ ಪೇಪರಿಗೆ ಅದು ಒಂದು ಪೂರ್ತಿ ಗಂಟೆ.

ಭಾಷೆ ಬಿಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮೂರನೇ ಭಾಷೆ ಬಿಟ್ಟರೆ ಚಿಂತೆಯಿಲ್ಲ. ಇಂಗ್ಲಿಷ್ ಬಿಡುವ ಮೊದಲು ಯೋಚಿಸಿ. ಡಿಪ್ಲೊಮಾಗೋ ಪಿಯು ಸೈನ್ಸಿಗೋ ಹೋಗುವ ಆಸೆ ಅವನಿಗಿದ್ದರೆ ಪುಸ್ತಕವೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ.

ಇದೆಲ್ಲ ಈ ವರ್ಷವೇ ಶುರುವಾಗಬೇಕು. ರಿಯಾಯಿತಿಯ ಅರ್ಜಿಯನ್ನು ಮುಖ್ಯ ಶಿಕ್ಷಕರು ಪರೀಕ್ಷಾ ಮಂಡಳಿಗೆ ಕಳಿಸಬೇಕು. ಹತ್ತನೇ ಕ್ಲಾಸಿನ ಮಧ್ಯದಲ್ಲಿ ಆಸ್ಪತ್ರೆಗೆ ಓಡಾಡಿದರೆ ಕಾಗದ ಕೈಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು. ಉತ್ತರವನ್ನು ಮೊದಲು ತಲೆಯಲ್ಲಿ ಜೋಡಿಸಿ, ವಾಕ್ಯ ವಾಕ್ಯವಾಗಿ ಬಿಡಿಸಿ, "ಇಲ್ಲಿ ಹೊಸ ಪ್ಯಾರಾ, ಇಲ್ಲಿ ಚಿತ್ರ" ಅಂತ ಹೇಳಬೇಕು. ಒಂಬತ್ತನೇ ಕ್ಲಾಸಿನ ಕಿರು ಪರೀಕ್ಷೆಗಳಲ್ಲೇ ಹಾಗೆ ಮಾಡಿಸಿ ಅಂತ ಶಾಲೆಯವರನ್ನು ಕೇಳಿ.

ಕ್ಲಾಸಿನೊಳಗಿನ ಸಹಾಯಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಎಲ್ಲರೆದುರು ಗಟ್ಟಿಯಾಗಿ ಓದು ಅಂತ ಎಬ್ಬಿಸಬಾರದು. ಬೋರ್ಡಿನದು ಬರೆದುಕೊಳ್ಳಲು ಆಗದಿದ್ದರೆ ಗೆಳೆಯನ ನೋಟ್ಸ್ ಜೆರಾಕ್ಸ್ ಸಾಕು. ವಿಜ್ಞಾನದಲ್ಲಿ ಕಾಗುಣಿತಕ್ಕೆ ಮಾರ್ಕ್ಸ್ ಕಳೆಯಬಾರದು. ನಿಮ್ಮ ಹುಡುಗನಿಗೆ ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಅಂತ ಗೊತ್ತು. ಶೇಕಡಾ ಒಂದರ ಬೋರ್ಡೊ ದ್ರಾವಣ ಅಂದರೆ ಅದೇ ಅಲ್ವಾ? ಮೈಲುತುತ್ತವೇ ತಾಮ್ರದ ಸಲ್ಫೇಟ್. ವಿಜ್ಞಾನದ ಮೇಷ್ಟ್ರು ಅಲ್ಲಿಂದ ಪಾಠ ಶುರು ಮಾಡಿದರೆ ಅವನು ಉಳಿದವರಿಗಿಂತ ಮುಂದೇ ಇರುತ್ತಾನೆ.

ಸಂಜೆ ಸುಮ್ನೆ ಎರಡು ಗಂಟೆ ಟ್ಯೂಷನ್ ಹಾಕಿ, ಕ್ಲಾಸಿನಲ್ಲಿ ಆಗದ್ದನ್ನೇ ಮತ್ತೆ ಮಾಡಿಸಬೇಡಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗೆ ಎಲ್ಲರ ಜೊತೆಗೇ ಕಲಿಸುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಬಿಐಇಆರ್‌ಟಿ ಅಂತ ಕರೆಯುತ್ತಾರೆ. ಅವರನ್ನು ಶಾಲೆಗೆ ಕರೆಸಿ ಅಂತ ಮುಖ್ಯ ಶಿಕ್ಷಕರಿಗೆ ಹೇಳಿ.

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಶಿಕ್ಷಕಿ ನಾನು. ಎಂಟನೇ ತರಗತಿಯ ಒಬ್ಬ ಹುಡುಗಿ ಯಾರ ಜೊತೆಯೂ ಬೆರೆಯುವುದಿಲ್ಲ. ಶೀಟಿನ ಮೇಲೆ ಮಳೆ ಜೋರಾದರೆ ಕಿವಿ ಮುಚ್ಚಿ ಕೂರುತ್ತಾಳೆ. ಪೀರಿಯಡ್ ಬದಲಾದರೆ ಅಳು. ಓದಿನಲ್ಲಿ ಚೆನ್ನಾಗಿದ್ದಾಳೆ. ಸೊಕ್ಕು ಅನ್ನುತ್ತಾರೆ ಸಹೋದ್ಯೋಗಿಗಳು.

ಉತ್ತರ: ಸೊಕ್ಕಲ್ಲ. ಆಟಿಸಂ, ಅಂದರೆ ಬೆರೆಯುವುದು, ಸದ್ದು, ಬದಲಾವಣೆ ಕಷ್ಟವಾಗುವಂಥ ಹುಟ್ಟಿನಿಂದ ಬಂದ ಸ್ವಭಾವ ಇರಬಹುದು, ಆದರೆ ಆ ಹೆಸರು ಹೇಳಬೇಕಾದವರು ತಜ್ಞರು. ಚೆನ್ನಾಗಿ ಓದುವ ಮೌನಿ ಹುಡುಗಿಯರಲ್ಲಿ ಇದು ಹಲವು ಸಲ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ನೀವು ಗಮನಿಸಿದಿರಿ, ಅದು ದೊಡ್ಡದು.

ಆ ಮಳೆಯ ಸದ್ದು ನಮಗೆ ಅಭ್ಯಾಸ. ಅವಳಿಗೆ ಅದು ನಿಜಕ್ಕೂ ನೋವು ಕೊಡುತ್ತಿರಬಹುದು. ಅಂಥ ಹೊತ್ತಿನಲ್ಲಿ ಹೆಂಚಿನ ಕೋಣೆಗೋ ಲೈಬ್ರರಿಗೋ ಹೋಗಿ ಕೂರಲು ಅನುಮತಿ ಕೊಡಿ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಪೀರಿಯಡ್ ಬದಲಾಗುವುದಿದ್ದರೆ ಬೆಳಿಗ್ಗೆಯೇ ಒಂದು ಚೀಟಿಯಲ್ಲಿ ಬರೆದು ಕೊಡಿ. ಮಳೆ ರಜೆ ಸಾಧ್ಯತೆಯನ್ನೂ ಮೊದಲೇ ಹೇಳಿಡಿ. ಮುಖ ನೋಡಿ ಮಾತಾಡು ಅಂತ ಒತ್ತಾಯ ಬೇಡ. ಗುಂಪಿನ ಕೆಲಸದಲ್ಲಿ ಅವಳ ಪಾಲು ಯಾವುದು ಅಂತ ಸ್ಪಷ್ಟವಾಗಿ ಹೇಳಿ, ಒಬ್ಬಳೇ ಗೆಳತಿಯ ಜೊತೆ ಸೇರಿಸಿ. ತಂದೆ ತಾಯಿಗೆ ದೂರಿನಂತೆ ಹೇಳಬೇಡಿ. ಅವಳಿಗೆ ಏನು ಚೆನ್ನಾಗಿ ಬರುತ್ತದೆ ಅನ್ನುವುದರಿಂದ ಮಾತು ಶುರುಮಾಡಿ. ಆಟದ ಬಿಡುವಿನಲ್ಲಿ ಯಾರಾದರೂ ಅವಳನ್ನು ಅಣಕಿಸುತ್ತಿದ್ದಾರಾ ಅಂತಲೂ ನೋಡಿ. ಇಂಥ ಮಕ್ಕಳು ಅದನ್ನು ತಾವಾಗಿ ಹೇಳುವುದು ಕಡಿಮೆ.

ಪ್ರಶ್ನೆ: ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಹೇಳಿ ಮಾತ್ರೆ ಬರೆದಿದ್ದಾರೆ. ತಲೆ ಮಂದ ಆಗುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಇದಕ್ಕೂ ಪ್ರಮಾಣಪತ್ರ ಇದೆಯಾ? (ಸಾಗರ)

ಉತ್ತರ: ಮಾತ್ರೆಯಿಂದ ಬುದ್ಧಿ ಮಂದವಾಗುವುದಿಲ್ಲ. ಹಸಿವು, ನಿದ್ದೆ ಕಡಿಮೆಯಾಗಬಹುದು. ಅವನು ಸಪ್ಪಗಾದ ಅನ್ನಿಸಿದರೆ ಅದನ್ನೂ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ. 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆದರೆ ಅದರ ಜೊತೆಗೆ ಕಲಿಕಾ ನ್ಯೂನತೆಯೂ ಇರುವ ಮಕ್ಕಳು ಬಹಳ. ಅದನ್ನೂ ಪರೀಕ್ಷಿಸಿ ಅಂತ ಕೇಳಿ. ಅಷ್ಟರಲ್ಲಿ ಮುಂದಿನ ಬೆಂಚು, ಸಣ್ಣ ಸಣ್ಣ ಭಾಗ ಮಾಡಿ ಕೊಟ್ಟ ಹೋಂವರ್ಕು, ನಡುವೆ ಎದ್ದು ಓಡಾಡಲು ಡಸ್ಟರ್ ತರುವಂಥ ಒಂದು ಕೆಲಸ, ಇಷ್ಟನ್ನು ಟೀಚರ್ ನಾಳೆಯಿಂದಲೇ ಶುರು ಮಾಡಬಹುದು. ತಕ್ಷಣ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.